ಅಪ್ಪ ತಟ್ಟಿ ನೋಡಿದ ಇಯರ್‌ಫೋನು

ಮೊನ್ನೆ ಬ್ಲೌಸಿನ ಹುಕ್ಕು ಹುಡುಕುತ್ತ ನನ್ನ ಹೊಲಿಗೆ ಡಬ್ಬಿಯನ್ನು ಮಂಚದ ಮೇಲೆ ಸುರುವಿಕೊಂಡೆ. ಹುಕ್ಕು ಸಿಗಲಿಲ್ಲ. ಬೇಕಾದದ್ದು ಯಾವತ್ತು ಸಿಕ್ಕಿದೆ ಹೇಳಿ? ಗುಂಡಿ, ಸೂಜಿ, ಬಣ್ಣ ಬಿಟ್ಟ ಲೇಸುಗಳ ನಡುವೆ ಪೆಪ್ಪರ್‌ಮಿಂಟಿನ ಹಳೇ ತಗಡು ಡಬ್ಬಿಯೊಂದು ಉರುಳಿ ಬಂತು. ಮುಚ್ಚಳ ತೆಗೆದರೆ ಒಳಗೆ ರಬ್ಬರಿನ ಪುಟಾಣಿ ಟೊಪ್ಪಿಗೆಗಳು, ಒಂದು ಹತ್ತಿಪ್ಪತ್ತು. ಕಿವಿಯೊಳಗೆ ತೂರಿಸಿಕೊಳ್ಳುವ ಇಯರ್‌ಫೋನಿನ ತುದಿಗೆ ಹಾಕುತ್ತಾರಲ್ಲ, ಅವು. ಸಣ್ಣದು, ಮಧ್ಯಮ, ದೊಡ್ಡದು, ಮೂರೂ ಅಳತೆಯವು ಬೆರೆತು ಬಿದ್ದಿದ್ದವು. ಹುಕ್ಕು ಮರೆತೇ ಹೋಯಿತು. ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಒಬ್ಬಳೇ ನಗುತ್ತ ಕುಳಿತೆ.

ನನ್ನ ಮದುವೆ ನಡೆದದ್ದು ಈ ಟೊಪ್ಪಿಗೆಗಳಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಇರಲಿ, ಮೊದಲು ನಮ್ಮ ಯಜಮಾನರ ಕಾಯಿಲೆಯ ವಿಷಯ ಹೇಳಿಬಿಡುತ್ತೇನೆ.

ಯಜಮಾನರ ಹೆಸರು ನಾಗರಾಜ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯ ಅಂಗಡಿ. ಜೊತೆಗೆ ಇಯರ್‌ಫೋನುಗಳ ವ್ಯಾಪಾರ. ಇಯರ್‌ಫೋನು ಮಾರುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಪ್ರತಿಯೊಂದನ್ನೂ ಕೇಳಿ, ತೂಗಿ, ನಿದ್ದೆಗೆಟ್ಟು ಮಾರುವವರು ಇವರೊಬ್ಬರೇ. ಹೊಸ ಮಾಲು ಬಂದರೆ ಮೊದಲು ನನ್ನ ಕಿವಿಗೆ. ನಾನು ಚಪಾತಿ ಲಟ್ಟಿಸುತ್ತಿರಲಿ, ಕಾಪಿ ತಿದ್ದುತ್ತಿರಲಿ, "ಸುಮಾ, ಒಂದ್ ನಿಮಿಷ, ಇದನ್ನ ಕೇಳಿ ಹೇಳು" ಅಂತ ಎರಡೂ ಕಿವಿಗೆ ತುರುಕಿಬಿಡುತ್ತಾರೆ. ಬೇಸು, ಟ್ರೆಬಲ್ಲು, ವೋಕಲ್ಲು ಅಂತೆಲ್ಲ ಅವರ ಭಾಷೆ. ನನಗೆ ಅದು ಬರುವುದಿಲ್ಲ. "ಇದ್ರಲ್ಲಿ ಹಾಡೋಳು ಕುಕ್ಕರ್ ಒಳಗೆ ಕೂತಿದಾಳೆ" ಅನ್ನುತ್ತೇನೆ. "ಈ ತಬಲಾ ತ್ಯಾವರೆಕೊಪ್ಪದ ಸಫಾರಿಯ ಸಿಂಹ ಬಾಯಿ ಮುಚ್ಕೊಂಡು ಗುರುಗುಟ್ಟಿದ ಹಾಗಿದೆ" ಅನ್ನುತ್ತೇನೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಗಂಭೀರವಾಗಿ ತಲೆ ಆಡಿಸಿ, ಗಿರಾಕಿಗಳಿಗೂ ಅದೇ ಮಾತನ್ನು ಹೇಳುತ್ತಾರಂತೆ. ಒಬ್ಬರು ಬಂದು "ನಿಮ್ಮ ಮನೆಯವರಿಗೆ ಕುಕ್ಕರ್ ಅನ್ನಿಸದೇ ಇರೋದು ಒಂದು ಕೊಡಿ" ಅಂತ ಕೇಳಿದರು ಎಂದ ಮೇಲೆ ನನಗೂ ಸ್ವಲ್ಪ ಜಂಬ ಬಂದಿದೆ.

ಸದ್ದಿನ ಪರೀಕ್ಷೆ ಆದಮೇಲೆ ಸುಖದ ಪರೀಕ್ಷೆ. ಇದು ಪೂರ್ತಿ ನನ್ನ ಇಲಾಖೆ. ಇಯರ್‌ಫೋನು ಹಾಕಿಕೊಂಡೇ ಒಂದು ತಾಸು ಮನೆಗೆಲಸ ಮಾಡಬೇಕು. ವೈರು ಸೀರೆಯ ಸೆರಗಿಗೆ ಉಜ್ಜಿದರೆ ಒಳಗೆ ಬಿರುಗಾಳಿ ಬೀಸುತ್ತದೆಯೋ, ಜುಮುಕಿಗೆ ತಗುಲಿ ಟಿಕಿಟಿಕಿ ಅನ್ನುತ್ತದೆಯೋ, ಬಗ್ಗಿ ಕಸ ಗುಡಿಸಿದರೆ ಜಾರಿ ಬೀಳುತ್ತದೆಯೋ ನೋಡಬೇಕು. ಕೊನೆಯದು ಚಕ್ಕುಲಿ ಪರೀಕ್ಷೆ. ಕಿವಿ ಬಿಗಿಯಾಗಿ ಮುಚ್ಚಿಕೊಂಡಾಗ ಚಕ್ಕುಲಿ ಕಡಿದರೆ ತಲೆಯೊಳಗೆ ಜಲ್ಲಿ ಲಾರಿ ಸುರುವಿದಷ್ಟು ಸದ್ದಾಗುತ್ತದೆ. ಸದ್ದಾದರೆ ಟೊಪ್ಪಿಗೆ ಸರಿಯಾಗಿ ಕೂತಿದೆ ಎಂದು ಅರ್ಥ. ನಮ್ಮ ಮನೆಯಲ್ಲಿ ಚಕ್ಕುಲಿ ಡಬ್ಬಿ ಬರಿದಾಗುವುದು ಹಬ್ಬದಿಂದ ಅಲ್ಲವೆಂದು ಅಕ್ಕಪಕ್ಕದವರಿಗೆ ಹೇಗೆ ವಿವರಿಸಲಿ?

ಸದ್ದು ಕೇಳಿ ತೀರ್ಪು ಕೊಡುವುದು ನನಗೆ ಗಂಡನ ಮನೆಯಲ್ಲಿ ಬಂದ ವಿದ್ಯೆಯಲ್ಲ. ತವರಿನಿಂದಲೇ ಬಂದದ್ದು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಹೊಸಮನೆಯಲ್ಲಿ. ಅಪ್ಪ ಅಲ್ಲೇ ಒಂದು ಸಣ್ಣ ಫೌಂಡ್ರಿಯಲ್ಲಿ ಎರಕ ತಟ್ಟುವ ಕೆಲಸದಲ್ಲಿದ್ದರು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು, ಆರಿದ ಮೇಲೆ ಹೊರಗೆ ತೆಗೆದ ಸಾಮಾನನ್ನು ಸರಪಳಿಗೆ ನೇತುಹಾಕುತ್ತಾರೆ. ಅಪ್ಪ ಸಣ್ಣ ಸುತ್ತಿಗೆಯಿಂದ ಒಂದು ಏಟು ಹಾಕಿ ಕಿವಿಗೊಡಬೇಕು. ಟಣ್ ಎಂದು ಎಳೆದು ಹಾಡಿದರೆ ಎರಕ ಗಟ್ಟಿ. ಟಕ್ ಎಂದು ಬಾಯಿ ಮುಚ್ಚಿದರೆ ಎಲ್ಲೋ ಬಿರುಕಿದೆ, ಇಲ್ಲವೇ ಒಳಗೆ ಗಾಳಿಗುಳ್ಳೆ ಇದೆ. ಅನುಮಾನ ಬಂದರೆ ತಕ್ಷಣ ತಳ್ಳಿಹಾಕುವಂತಿಲ್ಲ. ಮಗ್ಗುಲು ಬದಲಿಸಿ ನೇತುಹಾಕಿ ಇನ್ನೊಂದು ಸಲ ತಟ್ಟಬೇಕು. ತಪ್ಪು ಸಾಮಾನಿನದೋ, ನೇತುಹಾಕಿದ ರೀತಿಯದೋ ಆಗ ಗೊತ್ತಾಗುತ್ತದೆ. ಪಾಸಾದದ್ದಕ್ಕೆ ಸೀಮೆಸುಣ್ಣದಲ್ಲಿ ಒಂದು ರೈಟು ಗುರುತು. ಆ ಸೀಮೆಸುಣ್ಣದ ತುಂಡು ಭಾನುವಾರವೂ ಅಪ್ಪನ ಅಂಗಿ ಜೇಬಿನಲ್ಲಿ ಇರುತ್ತಿತ್ತು. ಬಟ್ಟೆ ಒಗೆಯುವಾಗ ಅದು ಕರಗಿ, ಅಮ್ಮನ ಬಾಯಿಗೆ ಕೆಲಸ ಕೊಡುತ್ತಿತ್ತು.

ಫೌಂಡ್ರಿಯಲ್ಲಿ ಅಪ್ಪನ ಎಡಮಗ್ಗುಲಿಗೇ ಸಾಮಾನು ಉಜ್ಜುವ ಗ್ರೈಂಡಿಂಗ್ ಮಿಷನ್ನು. ಅದರ ಕಿರುಚಾಟಕ್ಕೆಂದೇ ಎಲ್ಲರಿಗೂ ಕಿವಿಗೆ ತುರುಕಿಕೊಳ್ಳುವ ರಬ್ಬರಿನ ಬಿರಟೆ ಕೊಟ್ಟಿದ್ದರು. ಹಾಕಿಕೊಳ್ಳಿ ಅಂತ ಅಮ್ಮ ಗೋಗರೆದರೆ ಅಪ್ಪನದು ಒಂದೇ ಉತ್ತರ: "ಕಿವಿ ಮುಚ್ಕೊಂಡ್ರೆ ನಾನ್ ಏನ್ ಕೆಲಸ ಮಾಡ್ಲಿ ಮಾರಾಯ್ತಿ? ಡ್ರೈವರ್‌ಗೆ ಕಣ್ಣು ಕಟ್ಟಿ ಬಸ್ ಓಡ್ಸು ಅಂದ ಹಾಗಾಯ್ತು." ಕೊನೆಗೆ ಆ ಬಿರಟೆಗಳನ್ನು ಅಮ್ಮ ಎಣ್ಣೆ ಬಾಟಲಿಗಳಿಗೆ ಹಾಕಿಬಿಟ್ಟಳು. ಬಹಳ ಚೆನ್ನಾಗಿ ಕೂತಿದ್ದವು, ಒಂದು ಹನಿ ಸೋರುತ್ತಿರಲಿಲ್ಲ.

ಫೌಂಡ್ರಿಯ ಕಿವಿ ಊರಿಗೂ ಬೇಕಾಗುತ್ತಿತ್ತು. ಬೇಸಿಗೆ ಬಂತೆಂದರೆ ಪಕ್ಕದ ಮನೆ ಸೆಲ್ವಿ ಅಕ್ಕ ಹೊಸ ನೀರಿನ ಮಡಕೆ ಹಿಡಿದು ಬಾಗಿಲಿಗೆ ಬರುತ್ತಿದ್ದಳು. "ಅಣ್ಣಾ, ಕೊಂಚ ತಟ್ಟಿ ನೋಡಿ ಅಣ್ಣಾ, ಅವ್ನು ಸುಳ್ಳು ಹೇಳಿ ಕೊಟ್ಟವ್ನೆ." ಅಪ್ಪ ಬೆರಳು ಮಡಚಿ ತಟ್ಟಿ, ಕಣ್ಣು ಮುಚ್ಚಿ, "ಕೊರಳ ಹತ್ರ ಒಂದ್ ಕೂದಲೆಳೆ ಬಿರುಕಿದೆ, ವಾಪಸ್ ಕೊಡಮ್ಮ" ಅನ್ನುತ್ತಿದ್ದರು. ಸಂತೆಗೆ ಅವರ ಜೊತೆ ಹೋಗುವುದೆಂದರೆ ನನಗೆ ನಾಚಿಕೆಯೋ ನಾಚಿಕೆ. ತೆಂಗಿನಕಾಯಿ, ಹಲಸು, ಸ್ಟೀಲ್ ಚೊಂಬು, ಕೊನೆಗೆ ಮರದ ಸ್ಟೂಲನ್ನೂ ತಟ್ಟುವುದು. ಕಲ್ಲಂಗಡಿ ಮಾರುವ ಭಾಯ್ ನಮ್ಮನ್ನು ಕಂಡರೆ ಕೈಮುಗಿದು, "ಸಾಹೇಬ್ರೇ, ಇವತ್ತು ಬೋಣಿ ಆಗಿಲ್ಲ, ಸಾಯಂಕಾಲ ಬನ್ನಿ" ಅನ್ನುತ್ತಿದ್ದ. ಎಸ್ಸೆಲ್ಸಿ ಗಣಿತದಲ್ಲಿ ನಾನು ದಡ ಸೇರಿದ ದಿನ ಅಪ್ಪ ನನ್ನ ತಲೆಯನ್ನೂ ಒಮ್ಮೆ ತಟ್ಟಿ, "ಟೊಳ್ಳಿದೆ ಅಂದ್ಕೊಂಡಿದ್ದೆ, ಪರ್ವಾಗಿಲ್ಲ" ಎಂದಿದ್ದರು.

ನನಗೆ ಗಂಡು ನೋಡುವ ಕಾಲ ಬಂದಾಗ ಈ ಅಭ್ಯಾಸ ಅಮ್ಮನ ಕೊರಳಿಗೆ ಉರುಳಾಯಿತು. ಮೊದಲು ಬಂದ ಲೆಕ್ಚರರ್ ಬಹಳ ಚೆನ್ನಾಗಿ ಮಾತಾಡಿ ಹೋದರು. ಅಪ್ಪ, "ಹೊರಗಡೆ ನೈಸಾಗಿದೆ, ಒಳಗೆ ಗಾಳಿಗುಳ್ಳೆ" ಎಂದುಬಿಟ್ಟರು. ಎರಡನೆಯವರು ಅಪ್ಪ ಏನು ಹೇಳಿದರೂ "ಹೌದು ಹೌದು" ಎನ್ನುತ್ತಿದ್ದರು. ಅವರನ್ನು ಪರೀಕ್ಷಿಸಲೆಂದೇ ಅಪ್ಪ ತುಂಗಾ ನದಿ ಭದ್ರಾವತಿಯ ಮೇಲೆ ಹರಿಯುತ್ತದೆ ಎಂದರು. ಅದಕ್ಕೂ "ಹೌದು ಹೌದು". ಅವರು ಬಸ್ಸು ಹತ್ತುವ ಮೊದಲೇ ತೀರ್ಪು ಆಗಿಹೋಗಿತ್ತು.

ಆ ಹೊತ್ತಿಗೆ ನಾನು ಶಿವಮೊಗ್ಗದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ಜೊತೆಗೆ ಒಂದು ವಾಕ್‌ಮನ್. ಅದು ಹಾಡನ್ನು ಎಳೆದೆಳೆದು ಹೇಳತೊಡಗಿದಾಗ ಸವಳಂಗ ರಸ್ತೆಯ ಅಂಗಡಿಯೊಂದಕ್ಕೆ ಒಯ್ದೆ. ಕೌಂಟರಿನ ಹಿಂದಿದ್ದ ಮನುಷ್ಯ ಅದನ್ನು ಬಿಚ್ಚಲೇ ಇಲ್ಲ. ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಥೇಟ್ ನಮ್ಮಪ್ಪನ ಹಾಗೆ ಕೂತು, "ಮಿಷನ್ ಸರಿ ಇದೆ ಮೇಡಂ, ನಿಮ್ಮ ಕ್ಯಾಸೆಟ್ಟು ಬಿಸಿಲಿಗೆ ಬೆಂದಿದೆ" ಎಂದರು. ರಿಪೇರಿ ಅಂತ ಏನೂ ಮಾಡಲಿಲ್ಲ, ಏನೂ ತೆಗೆದುಕೊಳ್ಳಲೂ ಇಲ್ಲ. ಆಮೇಲೆ ಸ್ವಲ್ಪ ಹಿಂಜರಿದು, "ಒಂದ್ ಸಾಮಾನಿದೆ, ಕೇಳ್ತೀರಾ?" ಎಂದು ಬೀರುವಿನಿಂದ ಮಖಮಲ್ಲಿನ ಪೆಟ್ಟಿಗೆ ತೆಗೆದರು. ಮಸ್ಕತ್ತಿನಲ್ಲಿದ್ದ ಅವರ ಭಾವ ತಂದುಕೊಟ್ಟ ಇಯರ್‌ಫೋನು. ಸ್ಪಂಜಿನ ಹೆಡ್‌ಫೋನು ಮಾತ್ರ ಕಂಡಿದ್ದ ನನಗೆ, ಹೆಸರುಕಾಳಿಗಿಂತ ಸ್ವಲ್ಪ ದಪ್ಪ ಇದ್ದ ಅದು ಹಾಡುತ್ತದೆ ಎಂಬುದೇ ನಂಬಿಕೆಯಾಗಲಿಲ್ಲ. ಕಿವಿಗಿಟ್ಟರೆ ನಿಲ್ಲಲೂ ಇಲ್ಲ.

ಆಗ ಹೊರಬಂತು ಪೆಪ್ಪರ್‌ಮಿಂಟ್ ಡಬ್ಬಿ. ಒಂದೊಂದೇ ಟೊಪ್ಪಿಗೆ ಹಾಕಿ ಹಾಕಿ ಕೊಟ್ಟು ಕೊನೆಗೆ, "ನಿಮ್ಮ ಬಲಗಿವಿ ಸಣ್ಣ, ಎಡಗಿವಿ ಮೀಡಿಯಂ" ಎಂದರು. ಹುಟ್ಟಿದಾಗಿನಿಂದ ಹೊತ್ತು ತಿರುಗುತ್ತಿದ್ದ ನನ್ನ ಕಿವಿಗಳ ವಿಷಯ ನನಗೇ ಗೊತ್ತಿರಲಿಲ್ಲ. ಕೊಳಲು ಶುರುವಾಯಿತು. ಮೊದಲು ಕೇಳಿದ್ದು ಕೊಳಲಲ್ಲ, ನುಡಿಸುವವರು ಉಸಿರು ಎಳೆದುಕೊಂಡ ಸದ್ದು. ಯಾರೋ ನನ್ನ ಭುಜದ ಹಿಂದೆಯೇ ಕೂತ ಹಾಗಾಗಿ ತಿರುಗಿ ನೋಡಿದೆ. ಅವರು ನಕ್ಕರು. "ಎಲ್ರೂ ತಿರುಗಿ ನೋಡ್ತಾರೆ ಮೇಡಂ." ಆ ನಗುವಿನಲ್ಲಿ ಬಿರುಕು ಇರಲಿಲ್ಲ. ಇದನ್ನು ನಾನು ತಜ್ಞೆಯಾಗಿಯೇ ಹೇಳುತ್ತಿದ್ದೇನೆ.

ಆಮೇಲೆ ನನ್ನ ವಾಕ್‌ಮನ್ ಬಹಳ ಸಲ ಕೆಟ್ಟಿತು. ಅಮ್ಮನಿಗೆ ಅನುಮಾನ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಶಿವಮೊಗ್ಗದ ಕೋಟೆ ಕಡೆ ಇರುವ ಅವಳ ತಮ್ಮ ಶೇಖರ ಮಾವನನ್ನು ಕರೆಸಿ, ಎಲ್ಲಿಂದಲೋ ತಾನಾಗಿಯೇ ಬಂದ ಸಂಬಂಧ ಎನ್ನುವ ಹಾಗೆ ಅಪ್ಪನ ಮುಂದೆ ಇಡಿಸಿದಳು. ಅಪ್ಪ, "ರಿಪೇರಿ ಅಂಗಡಿಯಾ? ಬರ್ಲಿ, ನೋಡೋಣ" ಎಂದರು. 'ನೋಡೋಣ' ಎಂದರೆ 'ತಟ್ಟೋಣ' ಎಂದೇ ಅರ್ಥ. ಈ ಸಲ ಟಕ್ ಅಂದರೆ ಏನು ಗತಿ ಎಂದು ನಾನು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ನನಗೆ ಇವರೇ ಬೇಕಾಗಿತ್ತು, ಅಷ್ಟೇ.

ಭಾನುವಾರ ಬೆಳಿಗ್ಗೆ ಶೇಖರ ಮಾವನ ಜೊತೆ ನಾಗರಾಜರು ಬಂದರು. ನಾನು ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಅಡುಗೆಮನೆಯ ಪರದೆಯ ಹಿಂದೆ ಅಮ್ಮನ ಪಕ್ಕ ನಿಂತೆ. ಅಪ್ಪ ಮನೆತನ, ಅಂಗಡಿ ಎಲ್ಲ ವಿಚಾರಿಸಿ ಕೊನೆಗೆ, "ಅದೇನೋ ಕಿವಿಯೊಳಗೆ ಹಾಕೋದು ಮಾರ್ತೀರಂತಲ್ಲ" ಎಂದರು. ನಾಗರಾಜರ ಮುಖ ಅರಳಿತು. ಜೇಬಿನಿಂದ ಅದೇ ಮಖಮಲ್ಲಿನ ಪೆಟ್ಟಿಗೆ, ಚೀಲದಿಂದ ಸಿಡಿ ಪ್ಲೇಯರು, ಜೊತೆಗೆ ತಗಡಿನ ಡಬ್ಬಿ.

"ಕೇಳಿ ನೋಡ್ತೀರಾ ಸರ್? ತಪ್ಪಿದ್ರೆ ಹೇಳ್ಬೇಕು."

"ನಾನ್ ಕಿವಿಗೆ ಹತ್ತಿ ಕೂಡ ಇಟ್ಕೊಂಡೋನಲ್ಲ" ಎಂದರು ಅಪ್ಪ. ಆದರೆ ತಪ್ಪಿದ್ದರೆ ಹೇಳಿ ಎನ್ನುವ ಮಾತು ಅವರಿಗೆ ಕೇಸರಿಬಾತಿಗಿಂತ ರುಚಿಯಾಗಿರಬೇಕು. ಕಿವಿ ಒಡ್ಡಿದರು. ಆ ಕಿವಿಯ ಕೂದಲ ಕಾಡಿನಲ್ಲಿ ದೊಡ್ಡ ಟೊಪ್ಪಿಗೆಯೂ ನಿಲ್ಲಲು ಒದ್ದಾಡಿತು. ಅಂತೂ ಕೂತಿತು. ಶಹನಾಯಿ ಹಾಕಿದರು. ಅಪ್ಪ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ, ಭಯಕ್ಕೆ.

ಎರಡು ನಿಮಿಷ ಆಗಿರಬೇಕು. ಅಪ್ಪ ಕಣ್ಣು ತೆರೆದು, ಪರಮ ತೃಪ್ತಿಯಿಂದ, "ಎಡಗಡೆದು ಸತ್ತಿದೆ" ಎಂದರು. "ಬಲಗಡೆದು ಟಣ್ ಅಂತಿದೆ. ಎಡಗಡೆದು ಮಂಕು. ಒಳಗೆಲ್ಲೋ ಬಿರುಕಿದೆ."

ಶೇಖರ ಮಾವ ತಕ್ಷಣ, "ಭಾವ ಹೇಳಿದ್ರೆ ಮುಗೀತು" ಎಂದು ನಾಗರಾಜರ ತೊಡೆ ಚಿವುಟಿದರು. ಹೌದು ಅನ್ನಪ್ಪ ಎಂಬ ಸೂಚನೆ ಅದು. ನಾನು ಪರದೆಯ ಹಿಂದಿನಿಂದ ಮನಸ್ಸಿನಲ್ಲೇ ಅದನ್ನೇ ಹೇಳುತ್ತಿದ್ದೆ. ಹೌದು ಅನ್ನಿ ಮಾರಾಯ್ರೇ, ಹೌದು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?

ಅವರು ಹೌದು ಎನ್ನಲಿಲ್ಲ. ಎರಡನ್ನೂ ತೆಗೆದುಕೊಂಡು, ಕರ್ಚೀಫಿನಲ್ಲಿ ಒರೆಸಿ, ತಮ್ಮ ಕಿವಿಗಿಟ್ಟು ಕೇಳಿದರು. ಆಮೇಲೆ ಬಹಳ ಮೆತ್ತಗೆ, "ಸರ್, ಒಂದ್ಸಲ ಅದಲು ಬದಲು ಮಾಡಿ ಕೇಳ್ತೀರಾ? ಬಲಗಡೆದು ಎಡಕ್ಕೆ, ಎಡಗಡೆದು ಬಲಕ್ಕೆ" ಎಂದರು.

ಅಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮಗ್ಗುಲು ಬದಲಿಸಿ ತಟ್ಟುವುದು ಅವರದೇ ಕ್ರಮ. ಉತ್ಸಾಹದಿಂದಲೇ ಹಾಕಿಕೊಂಡರು. ಬಿರುಕು ಇಯರ್‌ಫೋನಿನಲ್ಲಿದ್ದರೆ ಈಗ ಮಂಕು ಬಲಕ್ಕೆ ಬರಬೇಕು. ಶಹನಾಯಿ ಸಾಗಿತು. ಅಪ್ಪನ ಮುಖದ ತೃಪ್ತಿ ನಿಧಾನಕ್ಕೆ ಇಳಿಯಿತು. ತಾವೇ ಕಳಚಿ, ತಾವೇ ಮತ್ತೊಮ್ಮೆ ಬದಲಿಸಿ ಹಾಕಿಕೊಂಡರು. ಇನ್ನೊಮ್ಮೆ ಬದಲಿಸಿದರು. ಯಾವುದನ್ನು ಹಾಕಿದರೂ ಮಂಕು ಎಡಕ್ಕೇ ಇತ್ತು.

ಇಷ್ಟು ವರ್ಷ ಊರಿನ ಮಡಕೆ, ತೆಂಗಿನಕಾಯಿ, ಕಬ್ಬಿಣ, ಗಂಡುಗಳನ್ನೆಲ್ಲ ತಟ್ಟಿ ನೋಡಿದ ಮನುಷ್ಯ ಕೈಯಲ್ಲಿ ಕಾಳಿನಷ್ಟು ಪ್ಲಾಸ್ಟಿಕ್ಕು ಹಿಡಿದುಕೊಂಡು ಕೂತಿದ್ದರು. ಮದುವೆ ಹಾಳಾಗಿ ಹೋಗಲಿ, ಅಪ್ಪನ ಮುಖ ಹಾಗಾಗಬಾರದಿತ್ತು ಎಂದು ನನಗೆ ಅನಿಸಿತು.

"ನಿಮಗೆ ಮೊದಲ್ನೇ ಸಲವೇ ಗೊತ್ತಾಗಿತ್ತಾ?" ಅಪ್ಪ ಕೇಳಿದರು.

"ಅನುಮಾನ ಬಂತು ಸರ್. ಹೊಸಾದು ತಂದುಕೊಡ್ತೀನಿ ಅಂತ ಹೇಳಿಬಿಡೋಣ ಅನ್ಕೊಂಡೆ."

"ಯಾಕ್ ಹೇಳ್ಲಿಲ್ಲ?"

ನಾಗರಾಜರು ಕೈಯಲ್ಲಿದ್ದ ಡಬ್ಬಿ ನೋಡುತ್ತ, "ಪೀಸ್ ಸರಿ ಇದೆಯಲ್ಲ ಸರ್" ಎಂದರು.

ಅಪ್ಪ ಅವರನ್ನೇ ನೋಡಿದರು. ಆಮೇಲೆ ಒಂದು ನಗು ಬಂತು ನೋಡಿ, ಸೆಲ್ವಿ ಅಕ್ಕ ಏನಾಯ್ತೆಂದು ಜಗಲಿಗೆ ಬಂದು ಇಣುಕುವಷ್ಟು ಜೋರಾಗಿ. "ಪೀಸ್ ಸರಿ ಇದೆ! ಕೇಳಿದ್ಯೇನೋ ಶೇಖರ? ನಾನು ಇವರನ್ನ ತಟ್ಟೋಣ ಅಂತ ಕೂತ್ರೆ ಇವರು ನನ್ನೇ ತಟ್ಟಿ ನೋಡಿಬಿಟ್ರಲ್ಲೋ!" ಎನ್ನುತ್ತ ಜೇಬಿಗೆ ಕೈ ಹಾಕಿ, ಸೀಮೆಸುಣ್ಣ ತೆಗೆದು, ಮಖಮಲ್ಲಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ರೈಟು ಗುರುತು ಎಳೆದರು. ಪಾಸಾದದ್ದು ಇಯರ್‌ಫೋನೋ ಅದನ್ನು ತಂದವರೋ ಎಂದು ಯಾರೂ ಕೇಳಲಿಲ್ಲ. ಶೇಖರ ಮಾವ ಆಗಲೇ ಎರಡನೇ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತಿದ್ದರು.

ಪರದೆಯ ಹಿಂದೆ ನಾನು ಅಮ್ಮನ ಕೈ ಹಿಡಿದು, "ಅಪ್ಪಂಗೆ ಎಡಗಿವಿ ಕೇಳಲ್ವಂತೆ ಅಮ್ಮ" ಎಂದೆ.

"ಗೊತ್ತು" ಎಂದಳು ಅಮ್ಮ, ತಣ್ಣಗೆ. "ಎರಡು ವರ್ಷ ಆಯ್ತು. ಅದಕ್ಕೇ ನಾನು ಊಟಕ್ಕೆ ಬಲಗಡೆ ಕೂರೋದು."

ಹೌದಲ್ಲ! ಮೊದಲು ಅಪ್ಪನ ಎಡಕ್ಕೆ, ಅಡುಗೆಮನೆಗೆ ಹತ್ತಿರವಾಗಿ ಕೂರುತ್ತಿದ್ದ ಅಮ್ಮ, ಸಾರಿನ ಪಾತ್ರೆ ದೂರವಾದರೂ ಬಲಕ್ಕೆ ಬಂದು ಕೂತಿದ್ದಳು. ಸಿನಿಮಾಕ್ಕೆ ಹೋದರೂ ಬಲಕ್ಕೆ, ಬಸ್ಸಿನಲ್ಲೂ ಬಲಕ್ಕೆ. ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ಹೇಳಿದರೆ ಅಪ್ಪ ಕುಗ್ಗಿಹೋಗುತ್ತಾರೆ ಎಂದು ಬಾಯಿ ಬಿಡದೆ ಜಾಗ ಬದಲಿಸಿಕೊಂಡಿದ್ದಳು.

ಸೋಮವಾರ ಅಪ್ಪ ಫೌಂಡ್ರಿಗೆ ಹೋಗಿ ತಾವಾಗಿಯೇ ವಿಷಯ ಹೇಳಿ, ಆ ವಾರ ತಾವು ಪಾಸು ಮಾಡಿದ್ದನ್ನೆಲ್ಲ ಇನ್ನೊಬ್ಬರ ಕೈಯಲ್ಲಿ ಮತ್ತೆ ತಟ್ಟಿಸಿದರು. ಒಂದೂ ತಪ್ಪಾಗಿರಲಿಲ್ಲ. ಬಲಗಿವಿ ಸದ್ದಿಲ್ಲದೆ ಇಬ್ಬರ ಕೆಲಸ ಮಾಡಿಕೊಂಡು ಬಂದಿತ್ತು. ಆಮೇಲೆ ನಿವೃತ್ತಿಯವರೆಗೂ ಹೊಸಬರಿಗೆ ತಟ್ಟುವುದನ್ನು ಕಲಿಸುವುದೇ ಅವರ ಕೆಲಸ. ಮೊದಲ ಪಾಠವೇ ಬಿರಟೆಯದಂತೆ. ಸುತ್ತಿಗೆ ಎತ್ತುವಾಗ ಮಾತ್ರ ಬಿಚ್ಚಬೇಕು, ಉಳಿದ ಹೊತ್ತು ಕಿವಿಯಲ್ಲೇ ಇರಬೇಕು. ಅಮ್ಮನ ಎಣ್ಣೆ ಬಾಟಲಿಯ ಬಿರಟೆಗಳನ್ನೂ ವಾಪಸು ಕೇಳಿದ್ದರು, ಅವಳು ಕೊಡಲಿಲ್ಲ.

ಹುಕ್ಕು ಹುಡುಕಲು ಹೋಗಿ ಎಲ್ಲಿಗೆ ಬಂದುಬಿಟ್ಟೆ ನೋಡಿ. ಡಬ್ಬಿಯನ್ನು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಹೋಗಲು ಕಾರಣವೂ ಇತ್ತು. ಹೊಸದೊಂದು ಇಯರ್‌ಫೋನು ಬಂದಿತ್ತು, ಅಂಥ ದಿನ ಅಪ್ಪ ಅಮ್ಮ ಭದ್ರಾವತಿಯಿಂದ ಬಸ್ಸು ಹತ್ತಿ ಬರುತ್ತಾರೆ. ನನ್ನ ತೀರ್ಪೇನಿದ್ದರೂ ಕೆಳಗಿನ ಕೋರ್ಟಿನದು.

ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು, ಅಮ್ಮ ಅಪ್ಪನ ಬಲಕ್ಕೆ. ನಾಗರಾಜರು ನಾನು ತಂದ ಡಬ್ಬಿಯಿಂದ ದೊಡ್ಡ ಟೊಪ್ಪಿಗೆಯೊಂದನ್ನು ಆರಿಸಿ ಬಲಗಡೆಯದನ್ನು ಅಪ್ಪನ ಬಲಗಿವಿಗೆ ಇಟ್ಟರು. ಎಡಗಡೆಯದಕ್ಕೆ ಸಣ್ಣ ಟೊಪ್ಪಿಗೆ ಹಾಕಿ, ಅಪ್ಪನಿಗೆ ಒತ್ತಿ ಕೂತಿದ್ದ ಅಮ್ಮನ ಎಡಗಿವಿಗೆ ಇಟ್ಟರು. ವೈರು ಇಬ್ಬರಿಗೂ ಸರಿಯಾಗಿ ಸಾಕಾಯಿತು. ಶಹನಾಯಿ ಶುರುವಾಯಿತು. ಇಬ್ಬರೂ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಸೀಮೆಸುಣ್ಣ ತೆಗೆದು ಕೈಯಲ್ಲಿ ಹಿಡಿದರು. ಗುರುತು ಹಾಕಲಿಲ್ಲ. ಅಮ್ಮನ ಕಡೆ ತಿರುಗಿ, "ಏನೇ, ಎಡಗಡೆದು ಹೇಗಿದೆ?" ಎಂದು ಕೇಳಿದರು.

ಅಮ್ಮ ಕಣ್ಣು ತೆರೆಯದೆ, "ಚೆನ್ನಾಗಿದೆ ರೀ. ಹಾಕಿ ರೈಟು" ಎಂದಳು.